ಕುತ್ತಿಗೆಯ ಮೇಲೆ ರಾಗಿ ಕಟ್ಟೆ

ಆ ಬೇಸಿಗೆಯಲ್ಲಿ ನನಗೂ ನನ್ನ ಕುತ್ತಿಗೆಗೂ ಮಾತುಕತೆ ನಿಂತುಹೋಗಿತ್ತು. ಯಾರಾದರೂ ಹಿಂದಿನಿಂದ ಕರೆದರೆ, ಸಂದಿಯಲ್ಲಿ ಸಿಕ್ಕಿಕೊಂಡ ಲಾರಿಯ ಹಾಗೆ ಇಡೀ ಮೈಯನ್ನೇ ತಿರುಗಿಸಿ ನೋಡಬೇಕಿತ್ತು.

ನಾನು ಶ್ರೀನಿವಾಸಪುರದ ಮಂಡಿಗೆ ಮಾವಿನಕಾಯಿ ಟೆಂಪೊ ಓಡಿಸುವವನು. ಒಂದು ದಿನ ಹಿಂದೆ ನೋಡದೆ ರಿವರ್ಸ್ ತೆಗೆದು, ಬಾದಾಮಿ ಮಾವಿನ ಕ್ರೇಟುಗಳ ಗೋಪುರವನ್ನೇ ಕೆಡವಿದೆ. ಅರ್ಧ ಹಣ್ಣು ಚರಂಡಿ ಸೇರಿತು. ಟೆಂಪೊ ಮಾಲೀಕರು ಕೋಪ ಬಂದರೆ ತೆಲುಗಿಗೆ ಇಳಿಯುವವರು. ಅಂದು ಇಳಿಯಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು. ಕೀ ಕಿತ್ತುಕೊಂಡು ಸಣ್ಣ ದನಿಯಲ್ಲಿ ಹೇಳಿದರು:

"ತೋತಾಪುರಿ ಬರೋವರೆಗೂ ನೋಡ್ತೀನಿ. ಅಷ್ಟ್ರಲ್ಲಿ ಕತ್ತು ತಿರುಗಿಲ್ಲ ಅಂದ್ರೆ ಬೇರೆಯವನ್ನ ಹಾಕ್ಕೊಂತೀನಿ."

ಮೊದಲು ನಂಗಲಿಯ ಸಲೂನಿಗೆ ಹೋದೆ. ಲಾರಿ ಡ್ರೈವರ್‌ಗಳೆಲ್ಲ ಅಲ್ಲೇ ಕುತ್ತಿಗೆಯ ನೆಟಿಗೆ ತೆಗೆಸಿಕೊಳ್ಳುತ್ತಾರೆ. ಸಲೂನಿನವನು ನನ್ನ ತಲೆಯನ್ನು ಒಂದೇ ಏಟಿಗೆ ತಿರುಚಿದ. ಅದುವರೆಗೆ ಎಡಕ್ಕೆ ಮಾತ್ರ ಇದ್ದ ನೋವು ಬಲಕ್ಕೂ ಸಮನಾಗಿ ಬಂತು.

ಆಮೇಲೆ ಕೋಲಾರದ ಆಯುರ್ವೇದ ವೈದ್ಯರು. ಕಷಾಯ ಕುಡಿದ ಮುಖ ಅವರದು. ನಾನು ಎರಡು ದಿಂಬು ಹಾಕಿ, ಎದೆಯ ಮೇಲೆ ಮೊಬೈಲ್ ಇಟ್ಟುಕೊಂಡು ಮಲಗುವುದನ್ನು ಕೇಳಿ ಕಣ್ಣು ಮುಚ್ಚಿಕೊಂಡರು. ಸಲೂನಿನ ವಿಷಯ ಕೇಳಿ ಕಣ್ಣು ತೆರೆದರು.

"ಕತ್ತು ಅಂದ್ರೆ ನಲ್ಲಿ ಏನಯ್ಯಾ, ಸಿಕ್ಕಿದವರ ಕೈಲೆಲ್ಲ ತಿರುಗಿಸ್ಕೊಳ್ಳೋಕೆ?"

ಬೋರಲು ಮಲಗಿಸಿ, ಕುತ್ತಿಗೆಯ ಹಿಂದೆ ಹಿಟ್ಟಿನಿಂದ ದುಂಡಗೆ ಕಟ್ಟೆ ಕಟ್ಟಿ, ಒಳಗೆ ಬೆಚ್ಚನೆಯ ತೈಲ ತುಂಬಿದರು. ಅದಕ್ಕೆ ಗ್ರೀವಾ ಬಸ್ತಿ ಅನ್ನುತ್ತಾರಂತೆ. ನನಗೆ ಕಂಡದ್ದು ಅವರ ಕಾಲಿನ ಹೆಬ್ಬೆರಳು ಮತ್ತು ಒಂದು ಇರುವೆ ಮಾತ್ರ. ಬಹಳ ಹಿತವಾಗಿತ್ತು. ಆ ಮನುಷ್ಯನಿಗೆ ಆ ಸಂತೋಷ ಯಾಕೆ ಕೊಡಲಿ ಎಂದು ಹೇಳಲಿಲ್ಲ.

ಏಳು ದಿನ ಬಾ ಎಂದರು. ನಮ್ಮೂರು ಮುಳಬಾಗಿಲಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಅವರ ಕೈಲಿ ಬೈಸಿಕೊಳ್ಳುವುದಕ್ಕಿಂತ ಮನೆಯಲ್ಲೇ ಮಾಡಿಕೊಂಡರಾಯಿತು ಎಂದು ನನ್ನ ತಲೆ ಯೋಚಿಸಿತು. ಕುತ್ತಿಗೆಗಿಂತ ಮೊದಲೇ ಕೆಟ್ಟಿದ್ದ ತಲೆ ಅದು. ಡಬ್ಬದಲ್ಲಿದ್ದ ರಾಗಿ ಹಿಟ್ಟನ್ನು ಕಲಸಿದೆ. ನಾನು ಹುಟ್ಟಿದಾಗಿನಿಂದ ನನ್ನ ಬುದ್ಧಿಯನ್ನು ನಂಬದ ಅಕ್ಕ ಎಣ್ಣೆ ಹುಯ್ಯಲು ಒಪ್ಪಿದಳು.

"ಉದ್ದಿನ ಹಿಟ್ಟು ಇರ್ಬೇಕು ಕಣೋ. ರಾಗಿ ಎಲ್ಲಿ ಅಂಟುತ್ತೆ?"

"ವೈದ್ಯರ ಹತ್ರ ಹೋಗಿ ನೋಡಿದೋನು ನಾನಾ, ನೀನಾ?"

ನಾನು ನೋಡಿದ್ದು ಹೆಬ್ಬೆರಳು ಎಂದು ಅವಳಿಗೇನು ಗೊತ್ತು. ಎಣ್ಣೆ ಚೆನ್ನಾಗಿ ಕಾಯಲಿ ಎಂದೂ ನಾನೇ ಅಪ್ಪಣೆ ಕೊಟ್ಟಿದ್ದೆ. ಕಟ್ಟೆ ಬಿರಿಯಿತು, ಎಣ್ಣೆ ಬೆನ್ನ ಮೇಲೆ ಹರಿಯಿತು. ನಾನು ಕಿರುಚಿದ್ದಕ್ಕೆ ಎದುರುಮನೆಯ ಹಸು ಹಗ್ಗ ಕಿತ್ತುಕೊಂಡು ಓಡಿತು. ಅಕ್ಕ ತಣ್ಣೀರು ಸುರಿದು, ಹಿಟ್ಟನ್ನು ಕೆರೆಯುತ್ತಾ ಅಂದಳು:

"ಮುದ್ದೆ ಮಾಡಿದ್ರೆ ಒಂದು ಹೊತ್ತಿನ ಊಟಕ್ಕಾದ್ರೂ ಆಗ್ತಿತ್ತು."

ಮತ್ತೆ ವೈದ್ಯರ ಮುಂದೆ ಅಂಗಿ ಬಿಚ್ಚಿ, ಬೆನ್ನು ತೋರಿಸಿ ನಿಂತೆ. ಬೆನ್ನು ಮಾಯುವವರೆಗೆ ಕುತ್ತಿಗೆ ಮುಟ್ಟುವುದಿಲ್ಲ ಎಂದುಬಿಟ್ಟರು. ಅತ್ತ ತೋಟಗಳಲ್ಲಿ ತೋತಾಪುರಿ ನನ್ನ ಮೇಲಿನ ಹಗೆಗೇ ಎಂಬಂತೆ ಬೇಗಬೇಗ ಬಲಿಯುತ್ತಿತ್ತು.

ಬೆನ್ನು ಮಾದ ಮೇಲೆ ಏಳು ದಿನವೂ ಹೋದೆ. ತೆಳು ದಿಂಬು, ಕಹಿ ಕಷಾಯ. ಮೊಬೈಲ್ ಅಕ್ಕನ ವಶ. ನಾನೂ ವೈದ್ಯರೂ ಒಮ್ಮೆಯೂ ನಗಲಿಲ್ಲ. ಕೊನೆಯ ದಿನ ಎಡಕ್ಕೆ ತಿರುಗಿ ತೋರಿಸಿದೆ.

"ಭುಜ ತಿರುಗಿಸಿ ನಂಗೆ ಟೋಪಿ ಹಾಕ್ಬೇಡ. ಕತ್ತು ತಿರುಗ್ಸು."

ತಿರುಗಿಸಿದೆ. ಸ್ವಲ್ಪ ತಿರುಗಿತು.

ಮರುದಿನವೇ ಮಂಡಿಗೆ ಓಡಿದೆ. ಮೊದಲ ತೋತಾಪುರಿ ಲೋಡು ಆಗಲೇ ಇಳಿಯುತ್ತಿತ್ತು. ಮಾಲೀಕರು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಕನ್ನಡಿಗಳನ್ನು ಮಡಚಿ, ಟೆಂಪೊ ಹಿಂದೆ ಹೋಗಿ ನಿಂತರು.

"ಏಮಿರಾ, ಹೇಳು. ಎಷ್ಟು ಬೆರಳು?"

ಹಲ್ಲು ಕಚ್ಚಿ ತಿರುಗಿದೆ. ನೋವಾಯಿತು, ಆದರೂ ತಿರುಗಿತು.

"ಬೆರಳು ತೋರಿಸ್ತಿಲ್ಲ. ಮಾವಿನ ಹೋಳು ತಿಂತಿದ್ದೀರ. ಮೀಸೆಗೆ ಖಾರದಪುಡಿ ಅಂಟಿದೆ."

ಅವರು ಮೀಸೆ ಒರೆಸಿಕೊಂಡು ಬಂದು ಕೀಯನ್ನು ನನ್ನ ಮಡಿಲಿಗೆ ಎಸೆದರು. ಇನ್ನೊಂದು ಕ್ರೇಟು ಬಿದ್ದರೆ ಕತ್ತನ್ನು ತಾವೇ ತಿರುಗಿಸುವುದಾಗಿ ಹೇಳಿದರು.

ಆ ವಾರ ವೈದ್ಯರಿಗೆ ಒಂದು ಬುಟ್ಟಿ ತೋತಾಪುರಿ ಕಳಿಸಿದೆ, ಅವರ ಕಹಿ ಕಷಾಯಕ್ಕೆ ಬದಲಾಗಿ ಒಂದೊಂದೂ ಹುಳಿ ಇರುವುದನ್ನೇ ನೋಡಿ ಆರಿಸಿದ್ದು.