ಮೊಮ್ಮಗಳನ್ನು ಮೀಯಿಸಿದ ಕಾಲು

ನನ್ನ ಮೊಮ್ಮಗಳನ್ನು ನಾನೇ ಮೀಯಿಸಿದೆ! ಎಂಟು ದಿನದ ಕೂಸು, ನನ್ನ ಈ ಎರಡು ಕಾಲಿನ ಮೇಲೆಯೇ ಮಲಗಿ, ಬಿಸಿನೀರು ಎರೆಸಿಕೊಂಡು, ಅಳುವುದನ್ನೂ ಮರೆತು ನಿದ್ದೆ ಹೋಯಿತು. ಸಾವಿರದ ಒಂಬೈನೂರ ಎಂಬತ್ತರ ಆಚೀಚಿನ ಮಾತು ಇದು. ಹೇಳುವಾಗ ಇವತ್ತಿಗೂ ಬಾಯಿ ತುಂಬುತ್ತದೆ.

ಆಗ ನಾವು ಉಡುಪಿ ಕಡೆಯ ಮಟ್ಟು ಎಂಬ ಹಳ್ಳಿಯಲ್ಲಿದ್ದೆವು. ನನಗೆ ಗಂಟುನೋವು ಹಿಡಿದು ಹತ್ತು ವರ್ಷವಾಗಿತ್ತು. ಹೆರಿಗೆ ಮುಗಿಸಿ ಮಗುವಿನೊಡನೆ ಮನೆಗೆ ಬಂದ ಮಗಳು ಹೇಳಿಯೇಬಿಟ್ಟಳು: "ಅಮ್ಮಾ, ನಿನಗೆ ನೆಲದಲ್ಲಿ ಕೂರಲಿಕ್ಕೇ ಆಗುವುದಿಲ್ಲ. ಮಗುವನ್ನು ಮೀಯಿಸಲಿಕ್ಕೆ ಉದ್ಯಾವರದ ಹೆಂಗಸನ್ನು ಕರೆಸುವ."

ನಾನಿರುವಾಗ ಬೇರೆಯವಳ ಕೈಯೇ? ಮರುದಿನವೇ ಕಾಲು ತೋರಿಸಲಿಕ್ಕೆ ಉಡುಪಿಯ ಆಸ್ಪತ್ರೆಗೆ ಹೊರಟೆ. ಕಟಪಾಡಿಯವರೆಗೆ ನಡಿಗೆ, ಆಮೇಲೆ ಬಸ್ಸು.

ಆಸ್ಪತ್ರೆಯಲ್ಲಿ ಗಂಟುನೋವಿನವರನ್ನು ನೋಡುವ ಕೋಣೆ ಮಾಳಿಗೆಯಲ್ಲಿತ್ತು. ಒಳ್ಳೆಯ ಏರ್ಪಾಡೇ, ಮೆಟ್ಟಿಲು ಹತ್ತಿ ಬಂದವರಿಗೆ ಕಾಯಿಲೆ ಅಷ್ಟೇನಿಲ್ಲವೆಂದು ನೋಡುವ ಮೊದಲೇ ಗೊತ್ತಾಗುತ್ತದೆ.

ಬೆಂಚಿನಲ್ಲಿ ಕಾಯುತ್ತಿದ್ದಾಗ, ಅಲ್ಲಿ ಕಲಿಯುವ ಹುಡುಗಿಯೊಬ್ಬಳು ಪ್ರಶ್ನೆಗಳಿದ್ದ ಕಾಗದ ಹಿಡಿದು ಬಂದಳು.

"ಇಲ್ಲಿಗೆ ಬರಲಿಕ್ಕೆ ಅನುಕೂಲ ಉಂಟಾ ಅಮ್ಮಾ?"

"ಭಾರೀ ಅನುಕೂಲ. ಬೆಳಿಗ್ಗೆ ಹೊರಟೆ, ಮಧ್ಯಾಹ್ನಕ್ಕೆ ಮುಟ್ಟಿದೆ."

"ತೃಪ್ತಿ ಉಂಟಾ?"

"ನನಗೆ ಉಂಟು ಮಗಾ. ಮೊಣಕಾಲಿನ ಹತ್ತಿರ ನೀನೇ ಕೇಳು."

ಅವಳು ನಗುತ್ತಾ 'ತೃಪ್ತಿ' ಎಂಬಲ್ಲಿ ಗೀಟು ಹಾಕಿದಳು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟರೂ ಅಷ್ಟು ಓದಲು ನನಗೆ ಬರುತ್ತಿತ್ತು.

ಡಾಕ್ಟರರು ಕಾಲು ಒತ್ತಿ ನೋಡಿ ಬೇಸರದಿಂದ ಹೇಳಿದರು: "ಈ ಮೊಣಕಾಲುಗಳು ಇನ್ನು ಮಡಚುವುದು ಕಷ್ಟ."

"ಕಾಲು ಉದ್ದಕ್ಕೆ ನೀಡಿ ಕೂತರೆ?"

"ಅದಕ್ಕೆ ತೊಂದರೆ ಇಲ್ಲ. ಕೂರಿಸಲಿಕ್ಕೆ, ಏಳಿಸಲಿಕ್ಕೆ ಜನ ಬೇಕು."

ನಾನು ಕುಣಿಯುವುದೊಂದೇ ಬಾಕಿ. ಮಗುವನ್ನು ಮೀಯಿಸುವವರು ಕೂರುವುದೇ ಕಾಲು ನೀಡಿ!

"ಕಾಲು ಇನ್ನು ಮಡಚುವುದಿಲ್ಲವಂತೆ!" ಎಂದು ಮನೆಗೆ ಮುಟ್ಟಿದವಳೇ ಅಂಗಳದಿಂದಲೇ ಕೂಗಿದೆ.

"ಅದಕ್ಕೆ ಎಂತ ನಗುವುದು ನೀನು?" ಎಂದಳು ಮಗಳು.

"ಮೀಯಿಸಲಿಕ್ಕೆ ಮಡಚುವ ಕಾಲು ಎಂತಕ್ಕೆ ಮಾರಾಯ್ತಿ?"

ಬೆಳಗಾದ ಮೇಲೆ ಮಗಳೂ ಅಳಿಯನೂ ಹುಲ್ಲು ಸುತ್ತಿದ ಭಾರದ ಅಕ್ಕಿಮುಡಿ ಇಳಿಸುವಂತೆ ನನ್ನನ್ನು ಬಚ್ಚಲಲ್ಲಿ ಇಳಿಸಿದರು. ಗಂಟುನೋವಿಗೆ ಸೊಟ್ಟಗಾದ ಬೆರಳುಗಳನ್ನು ಬಿಟ್ಟು ಅಂಗೈಯಲ್ಲೇ ಮಗುವಿಗೆ ಎಣ್ಣೆ ತಿಕ್ಕಿದೆ. ಕಾಲು ಒಂದಿಷ್ಟೂ ಅಲ್ಲಾಡಲಿಲ್ಲ. ಉದ್ಯಾವರದವಳ ಕಾಲು ಅಷ್ಟು ಗಟ್ಟಿ ನಿಂತೀತೇ?

ಎಷ್ಟೋ ವರ್ಷ ಸ್ಟೂಲಿನ ಮೇಲೆ ಒಬ್ಬಳೇ ಉಂಡವಳು ನಾನು. ಆ ಸಂಜೆ ಊಟಕ್ಕೂ ಎಲ್ಲರ ಜೊತೆ ನೆಲದಲ್ಲೇ ಕೂರುತ್ತೇನೆಂದು ಹಟ ಹಿಡಿದೆ. ಕುಚ್ಚಿಲಕ್ಕಿ ಅನ್ನ, ಗುಳ್ಳ ಬದನೆಯ ಹುಳಿ. ನೀಡಿದ ನನ್ನ ಕಾಲಿಗೇ ಇಬ್ಬರು ಕೂತು ಉಣ್ಣುವ ಜಾಗ ಹೋಯಿತು. ಅಳಿಯ ಹೊಸ್ತಿಲಿನಾಚೆ ಕುಳಿತು, "ಅತ್ತೆ, ಹುಳಿ ಸ್ವಲ್ಪ ಈಚೆ ದಾಟಿಸಿ" ಎನ್ನುತ್ತಾ ಉಂಡ.