‘ಆರಾಮಿದೀನಿ’ ಅನ್ನುವವರ ಸಾರಥಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಿಲ್‌ಬ್ರಾಂಚ್‌ನ ಬ್ಯಾಪ್ಟಿಸ್ಟ್ ಚರ್ಚಿನ ಹಿತ್ತಲಲ್ಲಿ ಓಥಾ ಗ್ಯಾಡ್ಸ್‌ಡೆನ್ ಬಿಳಿ ವ್ಯಾನಿನ ಗಾಜಿನ ಮೇಲಿನ ಇಬ್ಬನಿಯನ್ನು ಹಳೆಯ ಟವೆಲಿನಿಂದ ಒರೆಸುತ್ತಿದ್ದಾರೆ. ತುಟಿಯಲ್ಲಿ ಸಿಗರೇಟು. ಮೊದಲ ಪ್ರಯಾಣಿಕ ಗೇಟು ದಾಟುವುದು ಕಂಡೊಡನೆ ಅದನ್ನು ಹೊಸಕಿ, ತುಂಡನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಅಲ್ಲೇ ಬಿಸಾಡಿದರೆ ಪಾದ್ರಿಗಳ ಹೆಂಡತಿ ಸುಮ್ಮನೆ ಬಿಡುವವರಲ್ಲ.

ಇವತ್ತು ಮಂಗಳವಾರ. ಉತ್ತರ ಫ್ಲಾರಿಡಾದ ನಮ್ಮ ಈ ಸಣ್ಣ ಊರಿನ ವಯಸ್ಸಾದ ಕಪ್ಪು ಗಂಡಸರು ಪಟ್ಟಣದ ಹಲ್ಲಿನ ಆಸ್ಪತ್ರೆಗೆ ಹೊರಡುವ ದಿನ. ಹೆಂಡತಿಯರು, ಹೆಣ್ಣುಮಕ್ಕಳು ಅವರನ್ನು ದಬ್ಬಿ ಕಳಿಸುವ ದಿನ ಅಂದರೆ ಹೆಚ್ಚು ಸರಿ. ಮುಂದಿನ ಸೀಟಿನಲ್ಲಿ ಓಥಾ ಅವರ ಬಾಲ್ಯದ ಗೆಳೆಯ ಎಜೆಲ್ ಮ್ಯಾಕ್‌ರೇ ಕೂರುತ್ತಾರೆ. ಆ ಸೀಟನ್ನು ಬೇರೆ ಯಾರೂ ಕೇಳುವುದಿಲ್ಲ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದ ನಾನು ಹಿಂದೆ ಕೂರುತ್ತೇನೆ.

ಆಸ್ಪತ್ರೆಯ ಅಂಗಳ ಬಂದಾಗ ಓಥಾ ಎಂಜಿನ್ ಆರಿಸುತ್ತಾರೆ. ಬಾಗಿಲು ಮಾತ್ರ ತೆಗೆಯುವುದಿಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ದಿಟ್ಟಿಸುತ್ತಾರೆ.

“ಹೇಳಿ ಯಜಮಾನ್ರೇ, ಒಳಗೆ ಹೋಗಿ ಡಾಕ್ಟ್ರಮ್ಮಂಗೆ ಏನ್ ಹೇಳ್ತೀರಿ?”

“ಆರಾಮಿದೀನಿ ಅಂತೀನಿ.”

“ಆರಾಮಿದ್ರೆ ಕೋಳಿ ಕೂಗೋ ಹೊತ್ತಿಗೆ ಎದ್ದು ನನ್ನ ವ್ಯಾನ್ ಯಾಕೆ ಹತ್ತಿದ್ರಿ?”

ಹಿಂದಿನಿಂದ ನಗು. ಆ ಯಜಮಾನರು ಕಿಟಕಿಯಾಚೆ ನೋಡುತ್ತಾರೆ, ಆಮೇಲೆ ಗೊಣಗುತ್ತಾರೆ: “ಕೆನ್ನೆ ಒಳಗಡೆ ಬೆಳ್ಳಗೆ ಏನೋ ಆಗಿದೆ. ಉಜ್ಜಿದ್ರೂ ಹೋಗಲ್ಲ.”

“ಅದನ್ನೇ, ಅದೇ ಮಾತಲ್ಲಿ ಹೇಳಿ. ಇನ್ನೊಂದ್ಸಲ.”

ಅವರು ಇನ್ನೊಮ್ಮೆ ಹೇಳಿದ ಮೇಲೆಯೇ ಬಾಗಿಲು ತೆರೆಯುತ್ತದೆ.

ಓಥಾ ನಿವೃತ್ತರಾಗುವವರೆಗೂ ಶಾಲೆಯ ಬಸ್ಸು ಓಡಿಸಿದವರು. ಎಲ್ಲರೂ ಇಳಿದ ಮೇಲೆ ಕೊನೆಯ ಸೀಟಿನವರೆಗೂ ನಡೆದು, ಯಾವ ಮಗುವಾದರೂ ನಿದ್ದೆಹೋಗಿ ಉಳಿದಿದೆಯೇ ಎಂದು ನೋಡುವುದು ಆ ಕೆಲಸದ ಕಟ್ಟಳೆ. “ಮಕ್ಕಳು ಸೀಟಲ್ಲಿ ಉಳೀತಿದ್ವು. ಇವರ ಮಾತು ಸೀಟಲ್ಲೇ ಉಳಿಯುತ್ತೆ. ಹೋಗ್ತಾ ವ್ಯಾನ್ ತುಂಬ ನೋವಿನ ಮಾತು. ಬರ್ತಾ, ಡಾಕ್ಟ್ರು ಏನಂದ್ರು ಅಂದ್ರೆ, ಏನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ ಅಂತಾರೆ,” ಎನ್ನುತ್ತಾರೆ.

ಇವರನ್ನು ದೂರುವುದು ಸುಲಭ. ಹುಡುಗರಾಗಿದ್ದಾಗ ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆಗಳಲ್ಲಿ ಎಲೆ ಪೋಣಿಸಿದವರು ಇವರು. ಹಲ್ಲಿನ ಡಾಕ್ಟರೆಂದರೆ ಆಗ ಇಕ್ಕಳ. ನೋವು ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ, ಕಿತ್ತು ಕಳಿಸುತ್ತಿದ್ದರು. ಬಿಳಿ ಕೋಟಿನವರ ಮುಂದೆ ಕಡಿಮೆ ಮಾತಾಡಿದಷ್ಟೂ ಕ್ಷೇಮ ಎಂದು ಅಪ್ಪಂದಿರು ಕಲಿಸಿದ್ದರು. ಅರವತ್ತು ವರ್ಷ ಬಾಯಿ ಮುಚ್ಚಿಕೊಂಡಿರಲು ಕಲಿತವರಿಗೆ ಈಗ ದಿಢೀರನೆ ಬಾಯಿ ತೆರೆಯಿರಿ ಎಂದರೆ ಹಲ್ಲಷ್ಟೇ ಕಾಣಿಸುತ್ತದೆ, ಮಾತು ಬರುವುದಿಲ್ಲ. ನನಗೆ ಇದರಲ್ಲಿ ಸಿಟ್ಟು ಬರುವುದು ಇವರ ಮೇಲಲ್ಲ.

ಈಗ ಆ ಆಸ್ಪತ್ರೆಯಲ್ಲಿರುವ ಡಾಕ್ಟರ್ ಸಿಮೋನ್ ಬ್ಯಾಸ್ಕಮ್ ಕೂಡ ಕಪ್ಪು ಹೆಣ್ಣುಮಗಳೇ, ಶಿಕಾಗೊ ಕಡೆಯವರು. ತಮ್ಮ ಪಾಲಿನ ತಪ್ಪನ್ನು ಅವರು ಮುಚ್ಚಿಡುವುದಿಲ್ಲ. “ಪ್ರತಿಯೊಬ್ಬರ ನಾಲಿಗೇನೂ ಬಟ್ಟೇಲಿ ಹಿಡಿದು ಎಳೆದು, ಅಕ್ಕಪಕ್ಕ, ಅಡೀಲೆಲ್ಲ ನೋಡ್ತೀನಿ. ಯಾಕೆ ಅಂತ ಮಾತ್ರ ಹೇಳ್ತಿರ್ಲಿಲ್ಲ. ಕ್ಯಾನ್ಸರ್ ಅನ್ನೋ ಪದ ಕೇಳಿದ್ರೆ ಮತ್ತೆ ಈ ಕಡೆ ತಲೆ ಹಾಕಲ್ವೇನೋ ಅಂತ.” ಅವರು ಕಾರಣ ಹೇಳದ್ದರಿಂದ ಇವರು ಅದನ್ನು ತಮಗೆ ತೋಚಿದಂತೆ ಅರ್ಥ ಮಾಡಿಕೊಂಡರು. “ನನ್ನ ನಾಲಿಗೆ ಉದ್ದ ಅಂತ ನಮ್ಮನೆಯವಳು ಡಾಕ್ಟ್ರಮ್ಮಂಗೆ ಚಾಡಿ ಹೇಳಿದ್ಲು, ಅದಕ್ಕೇ ಅಳತೆ ತಗೊಂಡ್ರು,” ಎಂದು ಒಬ್ಬರು ವ್ಯಾನಿನಲ್ಲಿ ನಗಿಸಿದ್ದುಂಟು.

ಇದೆಲ್ಲ ನಗುವಿನಲ್ಲೇ ಮುಗಿಯುತ್ತಿತ್ತೇನೋ, ಕಳೆದ ವರ್ಷ ಎಜೆಲ್ ಅವರ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಸಡಿಲವಾಗದೇ ಇದ್ದಿದ್ದರೆ. ಅದನ್ನು ತೋರಿಸಲು ಹೋದ ದಿನ ಅವರು ಡಾಕ್ಟರ ಕುರ್ಚಿಯವರೆಗೂ ಹೋಗಲೇ ಇಲ್ಲ. ಹೆಸರು ಬರೆಸುವ ಮೇಜಿನಲ್ಲೇ, “ಕೆಳಗಿನ ಸೆಟ್ಟು ಸ್ವಲ್ಪ ಸಡಿಲ, ಬೇರೇನಿಲ್ಲ, ಆರಾಮಿದೀನಿ,” ಎಂದರು. ಆರಾಮಿರುವವರಿಗೆ ಏನು ಅವಸರ, ಮುಂದಿನ ತಿಂಗಳು ಬನ್ನಿ ಎಂದು ದಿನ ಕೊಟ್ಟು ಕಳಿಸಿದರು.

ವಾಪಸು ಬರುವಾಗ ಹೆದ್ದಾರಿಯ ಪಕ್ಕದ ಮೀನಂಗಡಿಯಲ್ಲಿ ವ್ಯಾನ್ ನಿಲ್ಲುವುದು ವಾಡಿಕೆ. ಕರಿದ ಮುಲ್ಲೆಟ್ ಮೀನು, ಮೆಕ್ಕೆಜೋಳದ ಗಂಜಿ, ಮೇಲೆ ಖಾರದ ಸಾಸ್. ಎಜೆಲ್ ಮೊಟ್ಟೆಯಿಂದ ಹಿಡಿದು ಕಲ್ಲಂಗಡಿವರೆಗೂ ಆ ಸಾಸ್ ಸುರಿದುಕೊಳ್ಳುವ ಆಸಾಮಿ. ಅಂದು ಬಾಟಲಿಯನ್ನು ಪಕ್ಕಕ್ಕೆ ಸರಿಸಿದರು.

“ಯಾಕೋ?” ಎಂದರು ಓಥಾ.

“ಸುಮ್ನೆ ತಿನ್ನು ಮಾರಾಯ.”

“ಯಾಕೆ ಅಂದೆ.”

“ಸೆಟ್ಟು ಕಚ್ಚಿ ನಾಲಿಗೆ ಪಕ್ಕ ಹುಣ್ಣಾಗಿದೆ. ಸೆಟ್ಟನ್ನ ಮರಳು ಕಾಗದದಲ್ಲಿ ಉಜ್ಜಿದೆ, ಸಡಿಲ ಆಯ್ತು. ಹುಣ್ಣು ಮಾತ್ರ ಹೋಗ್ಲಿಲ್ಲ.”

“ಯಾವಾಗಿಂದ?”

“ಈಸ್ಟರ್ ಹಬ್ಬದಿಂದ.”

ಆಗ ಅಕ್ಟೋಬರ್, ಈಸ್ಟರ್ ಕಳೆದು ಆರು ತಿಂಗಳು. ಓಥಾ ಎಲ್ಲರ ಮೀನನ್ನೂ ಕಾಗದದಲ್ಲಿ ಸುತ್ತಿಸಿ, ಖಾರದ ಬಾಟಲಿಯನ್ನೂ ಕೇಳಿ ಇಸಿದುಕೊಂಡು, ಬಂದ ದಾರಿಗೇ ವ್ಯಾನ್ ತಿರುಗಿಸಿದರು. ಮೀನು ತಣ್ಣಗಾಗುತ್ತೆ ಎಂದು ಹಿಂದಿನವರು ದಾರಿಯುದ್ದಕ್ಕೂ ಗೊಣಗಿದರು. ಆಸ್ಪತ್ರೆಯಲ್ಲಿ ಡಾಕ್ಟರ್ ಬ್ಯಾಸ್ಕಮ್ ಹೊರಗೆ ಬಂದು ಏನಾಯಿತು ಎಂದು ಕೇಳಿದಾಗ ಎಜೆಲ್ ಟೋಪಿ ತೆಗೆದು, “ಆರಾಮಿದೀನಿ ಡಾಕ್ಟ್ರಮ್ಮ,” ಎಂದೇ ಬಿಟ್ಟರು.

ಓಥಾ ಮೇಜಿನ ಮೇಲೆ ಬಾಟಲಿ ಇಟ್ಟರು. “ಹಂಗಾದ್ರೆ ಒಂದು ತೊಟ್ಟು ನಾಲಿಗೆ ಮೇಲೆ ಹಾಕ್ಕೋ. ನಾನು ವ್ಯಾನ್ ವಾಪಸ್ ತಿರುಗಿಸ್ತೀನಿ.”

ಎಜೆಲ್ ಬಾಟಲಿಯನ್ನು ಮತ್ತೆ ಪಕ್ಕಕ್ಕೆ ಸರಿಸಿದರು. ಆಮೇಲೆ ಹೋಗಿ ಕುರ್ಚಿಯಲ್ಲಿ ಕೂತರು.

ಅದು ಕ್ಯಾನ್ಸರೇ ಆಗಿತ್ತು. ಇನ್ನೂ ಸಣ್ಣದಿತ್ತು. ದೊಡ್ಡಾಸ್ಪತ್ರೆಯಲ್ಲಿ ನಾಲಿಗೆಯ ಅಂಚಿನ ಒಂದು ತುಂಡು ಕತ್ತರಿಸಿ ತೆಗೆದರು. ಈಗ ಎಜೆಲ್ ತಿನ್ನುತ್ತಾರೆ, ಹಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಕೆಲವು ಅಕ್ಷರ ಮಾತ್ರ ಹೊರಳುವುದಿಲ್ಲ. ಡಾಕ್ಟರ್ ಬ್ಯಾಸ್ಕಮ್ ಈಗ ನಾಲಿಗೆ ಹಿಡಿಯುವ ಮೊದಲು, ಕ್ಯಾನ್ಸರ್ ಇದೆಯೇ ಎಂದು ನೋಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುತ್ತಾರೆ. ಹೇಗಿದ್ದೀರಿ ಎಂದು ಕೇಳುವುದನ್ನು ಬಿಟ್ಟು, ಖಾರ ತಿಂದರೆ ಎಲ್ಲಾದರೂ ಉರಿಯುತ್ತದೆಯೇ ಎಂದು ಕೇಳುತ್ತಾರೆ. ಆ ಪದ ಕೇಳಿ ಬರುವುದನ್ನು ಬಿಟ್ಟವರು ಈವರೆಗೂ ಯಾರೂ ಇಲ್ಲವಂತೆ.

ಇವತ್ತು ಕೆನ್ನೆಯ ಬಿಳಿ ಕಲೆಯ ಯಜಮಾನರಿಗೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅವರು ಕೆನ್ನೆಗೆ ಮಂಜುಗಡ್ಡೆ ಒತ್ತಿಕೊಂಡು ಕೂತಿದ್ದಾರೆ. ಮೀನಂಗಡಿಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ನಾವು ಮತ್ತೆ ಹೊರಟಿದ್ದೇವೆ. ನಿಮಗೇನು ಆಸೆ ಎಂದು ಓಥಾರನ್ನು ಕೇಳುತ್ತೇನೆ.

“ಈ ವ್ಯಾನ್ ಖಾಲಿ ನಿಲ್ಬೇಕು. ಎಲ್ರೂ ತಾವೇ ಹೋಗಿ ಹೇಳ್ಕೊಳೋ ಹಂಗಾಗ್ಬೇಕು. ಆಮೇಲೆ ನಾನು ಮೀನು ಹಿಡಿಯಕ್ಕೆ ಹೋಗ್ತೀನಿ.”

ಬರೆದುಕೊಂಡು, ಏನೂ ಯೋಚಿಸದೆ ಇನ್ನೊಂದು ಪ್ರಶ್ನೆ ಹಾಕುತ್ತೇನೆ. ನಿಮ್ಮ ನಾಲಿಗೆಯನ್ನು ಡಾಕ್ಟರ್ ಕೊನೆಯ ಸಲ ನೋಡಿದ್ದು ಯಾವಾಗ?

ಓಥಾ ರಸ್ತೆಯನ್ನೇ ನೋಡುತ್ತಾರೆ. ಜೇಬಿನ ಮೇಲೆ, ಸಿಗರೇಟು ಇರುವಲ್ಲಿ, ಕೈ ಹೋಗಿ ವಾಪಸು ಬರುತ್ತದೆ.

“ನನಗೇನು? ನಾನು ಡ್ರೈವರ್ರು. ಆರಾಮಿದೀನಿ.”

ಮುಂದಿನ ಸೀಟಿನಿಂದ ಎಜೆಲ್, ಒಂದೊಂದೇ ಅಕ್ಷರವನ್ನು ಕಷ್ಟಪಟ್ಟು ಹೊರಳಿಸುತ್ತ ಹೇಳುತ್ತಾರೆ:

“ವ್ಯಾನ್ ತಿ-ಉ-ಗಿಸು, ಓಥಾ.”

ಸ್ವಲ್ಪ ದೂರ ಹೋದ ಮೇಲೆ ವ್ಯಾನ್ ತಿರುಗಿಸಲು ಹಾಕುವ ಎಡಗಡೆಯ ದೀಪ ಮಿನುಗತೊಡಗುತ್ತದೆ. ಮೀನು ತಣ್ಣಗಾಗುತ್ತೆ ಎಂದು ಈ ಸಲ ಯಾರೂ ಗೊಣಗುವುದಿಲ್ಲ.