‘ಒಂದೇ ಬಚ್ಚಲು’ ಹಾಡಿನೊಳಗಿನ ಸಡಿಲ ಸ್ಕ್ರೂ

ಟೀವಿ ಮನೆಗೊಂದಿರದೆ ಬೀದಿಗೊಂದಿದ್ದ ಕಾಲದಲ್ಲಿ ‘ಒಂದೇ ಬಚ್ಚಲು’ ಅಂತ ಒಂದು ನಗೆ ಧಾರಾವಾಹಿ ಬರುತ್ತಿತ್ತು. ಎರಡು ಸಂಸಾರ, ನಡುವೆ ಒಂದು ಬಚ್ಚಲು, ಬೆಳಗಾದರೆ ಜಗಳ. ಕತೆ ಅಂದರೆ ಇಷ್ಟೇ. ಅದರ ಹುಚ್ಚು ಹಿಡಿದವರು ಈಗಲೂ ಇದ್ದಾರೆ. ಬಚ್ಚಲಿನ ನೀಲಿ ಬಕೆಟ್ಟು ಕೆಂಪಾದದ್ದು ಯಾವ ಕಂತಿನಲ್ಲಿ, ಪಕ್ಕದ ಮನೆ ಮಾವನ ಕೊಡೆ ಒಮ್ಮೆಯಾದರೂ ಬಿಚ್ಚಿತ್ತೇ, ಕಿಟಕಿಯಲ್ಲಿ ಕೂರುವ ಬೆಕ್ಕು ಒಂದೋ ಎರಡೋ, ಎಲ್ಲಕ್ಕೂ ಅವರಲ್ಲಿ ಉತ್ತರವುಂಟು. ಒಂದಕ್ಕೆ ಮಾತ್ರ ಇರಲಿಲ್ಲ. ಶೀರ್ಷಿಕೆ ಸಂಗೀತದ ಉದ್ದಕ್ಕೂ ‘ಟಕ್-ಟಕಾ, ಟಕ್-ಟಕಾ’ ಎಂದು ಬಡಿಯುವ ವಾದ್ಯ ಯಾವುದು? ಚಮಚ ಅಂದವರುಂಟು, ಕುದುರೆ ಗೊರಸು ಅಂದವರೂ ಉಂಟು.

ಅದು ಟೈಲರಮ್ಮನ ಕಾಲು.

ಟೈಲರಮ್ಮ ಆಗ ಟೀವಿ ಸ್ಟುಡಿಯೋದ ಬಟ್ಟೆ ಕೋಣೆಯಲ್ಲಿ ಹೊಲಿಗೆಗಿದ್ದರು. ಮದುವೆಯಾದ ಹೊಸತು. ಗಂಡ ಹೊಲಿಗೆ ಮಿಷನ್ ರಿಪೇರಿ ಮಾಡುವವರು. ಹೆಂಡತಿ ಸ್ಟುಡಿಯೋದಲ್ಲಿ ಇಟ್ಟುಕೊಂಡಿದ್ದ ಸ್ವಂತ ಮಿಷನ್ನನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಜೋಡಿಸಿ ಕೊಟ್ಟಿದ್ದರು. ಮದುಮಗನ ಗಮನ ಎಲ್ಲಿತ್ತೋ ಏನೋ, ಪೆಡಲಿನಿಂದ ಗಾಲಿಗೆ ಹೋಗುವ ಕಡ್ಡಿಯ ಸ್ಕ್ರೂ ಬಿಗಿ ಮಾಡುವುದನ್ನು ಮರೆತರು. ಮರುದಿನ ತುಳಿದರೆ ಮಿಷನ್ನು ಟಕ್-ಟಕಾ ಎನ್ನುತ್ತಿದೆ. ನಾಯಕನ ಕೋಟು ತುರ್ತಾಗಿ ಬೇಕಿತ್ತು, ಹಾಗೇ ತುಳಿದರು. ಗೋಡೆಯಾಚೆ ಹಾಡಿನ ರೆಕಾರ್ಡಿಂಗ್ ನಡೆದಿತ್ತು. ಸಂಗೀತದ ಮೇಷ್ಟ್ರು ಬಾಗಿಲು ತಳ್ಳಿಕೊಂಡು ಬಂದಾಗ, ಬೈಗುಳ ಗ್ಯಾರಂಟಿ ಎಂದುಕೊಂಡು ಟೈಲರಮ್ಮ ಕಾಲು ತೆಗೆದರು.

“ಅಯ್ಯೋ, ನಿಲ್ಲಿಸಬೇಡಮ್ಮ! ಹಾಗೇ ತುಳೀತಾ ಇರು,” ಎಂದ ಮೇಷ್ಟ್ರು ಮೈಕನ್ನು ಮಿಷನ್ ಕೆಳಗೇ ಇಡಿಸಿದರು.

ಹಾಡು ಮನೆಮಾತಾಯಿತು. ಹೇಳಿಕೊಳ್ಳುವ ಆಸೆ ಟೈಲರಮ್ಮನ ನಾಲಿಗೆ ತುದಿಯಲ್ಲಿತ್ತು. ಗಂಡ ಕಾಲಿಗೆ ಬೀಳುವುದೊಂದು ಬಾಕಿ.

“ಯಾರ ಹತ್ರಾನೂ ಬಾಯಿ ಬಿಡಬೇಡ ಕಣೆ. ಹೆಂಡ್ತಿ ಮಿಷನ್ನೇ ಹೀಗೆ ಬಡ್ಕೊಳ್ಳೋವಾಗ ನನ್ನ ಅಂಗಡಿಗೆ ಯಾರು ಬರ್ತಾರೆ?”

ಮಿಷನ್ ಮಾತಾಡಬಾರದು, ಬಟ್ಟೆ ಮಾತಾಡಬೇಕು ಎನ್ನುವುದು ಅವರ ಅಂಗಡಿಯ ವೇದವಾಕ್ಯ. ಹಾಡು ಶುರುವಾದೊಡನೆ ಅವರು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋಗುತ್ತಿದ್ದರು, ಆಕೆ ಟೀವಿಯ ಸದ್ದು ತಗ್ಗಿಸುತ್ತಿದ್ದರು. ಮಗಳು ಹುಟ್ಟಿದಳು, ಬೆಳೆದಳು, ಅವಳಿಗೂ ಹೇಳಲಿಲ್ಲ. ಬಂದ ಅಳಿಯನೋ, ‘ಒಂದೇ ಬಚ್ಚಲು’ ಅಭಿಮಾನಿ ಬಳಗದ ಕಾರ್ಯದರ್ಶಿ! ಬೇಡವೆಂದ ಬಳ್ಳಿಯೇ ಕಾಲಿಗೆ ತೊಡರಿತು.

ಒಂದು ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದಾಗ ಅಳಿಯ ಸುದ್ದಿ ಬಿಚ್ಚಿದ.

“ಅತ್ತೆ, ಕೊನೆಗೂ ಸಿಕ್ತು! ಅದು ಟೈಪ್‌ರೈಟರ್. ಸ್ಟುಡಿಯೋ ಆಫೀಸಿನ ಟೈಪಿಸ್ಟಮ್ಮ ಬಡಿದದ್ದಂತೆ. ಭಾನುವಾರ ಬಳಗದ ಸಭೆ. ಅವರಂತೂ ಈಗಿಲ್ಲ, ಮಗನ್ನ ಕರೆಸಿ ಫಲಕ ಕೊಡ್ತೀವಿ.”

“ನಮ್ಮ ಮದುವೆ ತಾರೀಕು ಕೇಳಮ್ಮ, ತಲೆ ಕೆರ್ಕೋತಾರೆ. ಆ ಬಕೆಟ್ ಬಣ್ಣ ಕೇಳು, ನಿದ್ದೇಲೂ ಹೇಳ್ತಾರೆ,” ಎಂದಳು ಮಗಳು.

“ನೀನು ಸುಮ್ನಿರೆ. ಅತ್ತೆ, ನೀವೂ ಅಲ್ಲೇ ಕೆಲಸಕ್ಕಿದ್ರಲ್ಲ, ಅವರನ್ನ ನೋಡಿದ್ರಾ?”

“ನೋಡಿದೀನಪ್ಪ. ಒಳ್ಳೆ ಹೆಂಗಸು,” ಎಂದರು ಟೈಲರಮ್ಮ. ಅಳಿಯನಿಗೆ ಬಡಿಸಹೋದವರು ಖಾಲಿ ಸೌಟನ್ನೇ ತಟ್ಟೆಗೆ ಬಗ್ಗಿಸಿದರು.

ಎದುರಿಗೆ ಕೂತಿದ್ದ ಗಂಡ, ಮನೆಯ ಯಜಮಾನರು, ಅದನ್ನು ಕಂಡರು. ಕೈ ಎಂಜಲು, ಚಪ್ಪಲಿ ಹುಡುಕಲು ಏಳುವ ಹಾಗೂ ಇಲ್ಲ. ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟರು.

“ಟೈಪ್‌ರೈಟರ್ ಅಲ್ಲ.”

“ಮತ್ತೇನು ಮಾವ?”

“ನಿಮ್ಮತ್ತೆ ಮಿಷನ್ನು. ಸ್ಕ್ರೂ ಬಿಗಿ ಮಾಡದೆ ಕೊಟ್ಟವನು ನಾನು.”

ಮಗಳು ಅಮ್ಮನ ಕಡೆ ತಿರುಗಿದಳು. “ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ಯಾ? ನನಗೆ ಪಕ್ಕದ್ಮನೆ ಸುದ್ದೀನೇ ಸಂಜೆವರೆಗೆ ತಡೆಯಲ್ಲ!”

ಭಾನುವಾರ ಮಿಷನ್ನನ್ನು ಗೂಡ್ಸ್ ಆಟೋದಲ್ಲಿ ಸಭೆಗೆ ಸಾಗಿಸಿದರು. ಸುದ್ದಿ ಕೇಳಿ ಊರಿನ ಅರ್ಧಕ್ಕರ್ಧ ಟೈಲರುಗಳೂ ಬಂದು ಕೂತಿದ್ದರು. ಎಲ್ಲರೂ ಯಜಮಾನರ ಗಿರಾಕಿಗಳೇ. ಟೈಲರಮ್ಮ ವೇದಿಕೆಯ ಮೇಲೆ ಕೂತು ತುಳಿದರು. ಮಿಷನ್ನು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಡಿತು. ಒಂದಿಷ್ಟೂ ಸದ್ದಿಲ್ಲ. ಆ ಹಾಡು ಬಂದಾಗಿನಿಂದ ಆ ಸ್ಕ್ರೂವನ್ನು ಯಜಮಾನರು ಸಡಿಲಾಗಲು ಬಿಟ್ಟಿದ್ದರೆ ತಾನೇ!

“ಎಲ್ರೀ ಟಕ್-ಟಕಾ?” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅಳಿಯನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು.

ಯಜಮಾನರು ಎದ್ದು ವೇದಿಕೆ ಹತ್ತಿದರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಮಂಡಿಯೂರಿ, ಅಷ್ಟೂ ಗಿರಾಕಿಗಳ ಎದುರು ತಮ್ಮ ಕೈಯಾರೆ ಕಡ್ಡಿಯ ಸ್ಕ್ರೂ ಸಡಿಲಿಸಿದರು. ಕಿವಿ ಕೆಂಪಾಗಿತ್ತು.

“ಈಗ ತುಳಿ,” ಎಂದರು.

ಟಕ್-ಟಕಾ, ಟಕ್-ಟಕಾ. ಸಭೆ ಎದ್ದು ನಿಂತು ಹಾಡಿತು. ಟೈಲರಮ್ಮ ಯಾರ ಕಡೆಯೂ ನೋಡಲಿಲ್ಲ. ಸೂಜಿಯ ಕಡೆ ನೋಡುತ್ತ ತುಳಿದರು, ಹೊಲಿಯುವಾಗ ನೋಡುವ ಹಾಗೆ. ಹಾಡು ಮುಗಿದದ್ದೇ ಯಜಮಾನರು ಮತ್ತೆ ಬಗ್ಗಿದರು.

“ಈಗಲೇ ಬೇಡ ರೀ,” ಎಂದರು ಆಕೆ, ಪೆಡಲಿನಿಂದ ಕಾಲು ತೆಗೆಯದೆ. “ಇನ್ನೊಂದ್ಸಲ ಕೇಳ್ತಿದ್ದಾರೆ.”

ಅವರು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಪಕ್ಕಕ್ಕೆ ನಿಂತರು. ಮುಂದಿನ ಸಾಲಿನಲ್ಲಿದ್ದ ಕೋಟು ಹೊಲಿಯುವ ಟೈಲರ್ ಮೆಲ್ಲಗೆ ಕೇಳಿದ: “ಯಜಮಾನ್ರೇ, ನನ್ನ ಮಿಷನ್ನೂ ನೀವೇ ಅಲ್ವಾ ಜೋಡಿಸಿದ್ದು?”

“ಮನೆಗೋಗಿ ತುಳಿದು ನೋಡಪ್ಪ. ಸದ್ದು ಬಂದ್ರೆ ಬಾ,” ಎಂದರು ಯಜಮಾನರು.